ಹೊಗೆಯೂ ಬೇಕು, ಉರಿಯೂ ಬೇಕು

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿನತ್ತ ಹೊರಟರೆ ದಾರಿಯುದ್ದಕ್ಕೂ ಕಣ್ಣಿಗೆ ಬೀಳುವ ಮರವೆಂದರೆ ಬಳ್ಳಾರಿ ಜಾಲಿ. ಕಾಲುವೆಯ ದಂಡೆ, ಹಳ್ಳದ ಪಾತ್ರ, ಬೀಳುಬಿದ್ದ ಹೊಲ, ಊರ ಹೊರಗಿನ ತಿಪ್ಪೆ - ಎಲ್ಲಿ ಮನುಷ್ಯ ಕೈಬಿಟ್ಟನೋ ಅಲ್ಲಿ ಜಾಲಿ ಕಾಲಿಟ್ಟಿದೆ. ಮುಳ್ಳು ತುಳಿದವರು ಶಪಿಸುತ್ತಾರೆ. ಒಲೆಗೆ ಕಟ್ಟಿಗೆ ಬೇಕಾದವರು ಕಡಿದು ಹೊರೆ ಕಟ್ಟುತ್ತಾರೆ. ಇದ್ದಿಲು ಸುಡುವವರು ಗುಂಪೆ ಹಾಕಿ ಮಣ್ಣು ಮುಚ್ಚುತ್ತಾರೆ. ಆದರೆ ಅದನ್ನು ಅಂಗಡಿಯಲ್ಲಿ ಚೀಲದ ಲೆಕ್ಕದಲ್ಲಿ ಕೊಳ್ಳಬೇಕಾದ ಶೋಕಿಯ ವಸ್ತು ಎಂದು ಈ ಸೀಮೆಯಲ್ಲಿ ಯಾರೂ ಭಾವಿಸಿದ್ದಿಲ್ಲ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮಾತ್ರ ಇದೇ ಜಾಲಿಯ ಒಡಹುಟ್ಟಿದ ಮರಕ್ಕೆ ರಾಜಮರ್ಯಾದೆ. ಅಲ್ಲಿ ಅದರ ಹೆಸರು ಮೆಸ್ಕೀಟ್. ಮಾಂಸ, ಮೀನು, ಮೆಕ್ಕೆತೆನೆಗೆ ಹೊಗೆಯ ಪರಿಮಳ ಹಿಡಿಸಲು ಅದಕ್ಕಿಂತ ಖಾರವಾದ ಕಟ್ಟಿಗೆ ಇಲ್ಲವೆಂದು ಅಲ್ಲಿನವರ ನಂಬಿಕೆ. ನಮ್ಮ ಜಾಲಿಯೂ ಮೂಲತಃ ಆ ಕಡೆಯದೇ. 1870ರ ದಶಕದಲ್ಲಿ ಜಮೈಕಾದಿಂದ ಬೀಜ ತರಿಸಿ ಆಗಿನ ಮದ್ರಾಸ್ ಪ್ರಾಂತದ ಕಡಪ ಸೀಮೆಯಲ್ಲಿ ಊರಿದರು. ಬರಗಾಲದ ನಾಡಿಗೆ ಉರುವಲಾಗಲಿ ಎಂಬುದು ಉದ್ದೇಶ. ಅಲ್ಲಿಂದ ದನಕುರಿಗಳು ಅದರ ಕಾಯಿ ತಿಂದು, ಬೀಜವನ್ನು ಸಗಣಿ ಹಿಕ್ಕೆಯ ಜೊತೆಗೆ ದಖನ್ನಿನ ತುಂಬ ಬಿತ್ತಿದವು. ಸಿಂಧನೂರಿನಿಂದ ಅಮೆರಿಕಕ್ಕೆ ಮಗನ ಮನೆಗೆ ಹೋದ ತಾಯಿಯೊಬ್ಬರು ಹಿತ್ತಲಲ್ಲಿ ಮೆಸ್ಕೀಟ್ ಚೀಲ ನೋಡಿ, 'ಇದೇನೋ ತಮ್ಮಾ, ಜಾಲಿ ಕಟ್ಟಿಗಿಗೂ ರೊಕ್ಕ ಕೊಡ್ತೀರೇನು?' ಎಂದು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಆ ಚೀಲದಲ್ಲಿರುವುದು ಕಟ್ಟಿಗೆಯ ತುಂಡಲ್ಲ. ಬೆರಳಿಗಿಂತ ಸಣ್ಣದಾದ, ಕುರಿಮೇವಿನ ಗುಳಿಗೆಯಂಥ ಒಣ ಗುಳಿಗೆಗಳು. ಪೆಲೆಟ್ ಎಂದು ಅದರ ಹೆಸರು. ಮರದ ಪುಡಿಯನ್ನು ಚೆನ್ನಾಗಿ ಒಣಗಿಸಿ, ತೂತಿನ ಅಚ್ಚಿನ ಮೂಲಕ ಬಲವಾಗಿ ಒತ್ತಿದರೆ ಹುಟ್ಟುವ ಶಾಖಕ್ಕೆ ಮರದೊಳಗಿನ ಲಿಗ್ನಿನ್ ಮೆತ್ತಗಾಗಿ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆ ತಯಾರು. 1970ರ ದಶಕದ ತೈಲ ಬಿಕ್ಕಟ್ಟಿನ ಕಾಲದಲ್ಲಿ, ಸಾಮಿಲ್ಲುಗಳಲ್ಲಿ ಬಿದ್ದು ಹಾಳಾಗುತ್ತಿದ್ದ ಮರದ ಹೊಟ್ಟನ್ನು ಮನೆ ಬೆಚ್ಚಗಿಡುವ ಒಲೆಗೆ ಬಳಸಲು ಅಮೆರಿಕನ್ನರು ಕಂಡುಕೊಂಡ ಉಪಾಯ ಇದು. ಆರೆಗಾನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಸಣ್ಣ ಊರಿನಲ್ಲಿ ಅಂಥ ಒಲೆಗಳ ವ್ಯಾಪಾರ ಮಾಡುತ್ತಿದ್ದ ಜೋ ಟ್ರೇಗರ್ ಎಂಬಾತ 1980ರ ದಶಕದ ನಡುವೆ ಅದೇ ಗುಳಿಗೆಯಿಂದ ಅಡುಗೆ ಮಾಡುವ ಗ್ರಿಲ್ ಕಟ್ಟಿದ. 1986ರಲ್ಲಿ ಪೇಟೆಂಟೂ ಸಿಕ್ಕಿತು. ಅದರ ಅವಧಿ ಮುಗಿದ ಮೇಲೆ ಹತ್ತಾರು ಕಂಪನಿಗಳು ಕಣಕ್ಕಿಳಿದವು.

ಯಂತ್ರದ ಒಳಗುಟ್ಟು ಸಿಂಧನೂರಿನ ಅಕ್ಕಿ ಗಿರಣಿಯ ಕೂಲಿಕಾರರಿಗೂ ತಿಳಿಯುವಂಥದ್ದು. ಪಕ್ಕದಲ್ಲಿ ಗುಳಿಗೆ ತುಂಬುವ ಹಾಪರ್. ಅದರ ಬುಡದಲ್ಲಿ ಗುಳಿಗೆಯನ್ನು ಸ್ವಲ್ಪಸ್ವಲ್ಪವೇ ಮುಂದೆ ತಳ್ಳುವ ತಿರುಪಿನ ದಂಡ. ಅದು ಹೋಗಿ ಬೀಳಿಸುವುದು ಅಂಗೈಯಗಲದ ಒಂದು ಬೆಂಕಿ ಬಟ್ಟಲಿಗೆ. ಬಟ್ಟಲಲ್ಲಿ ಕಿಡಿ ಹೊತ್ತಿಸಲು ಒಂದು ಕರೆಂಟಿನ ಕಡ್ಡಿ, ಗಾಳಿ ಊದಲು ಒಂದು ಪುಟ್ಟ ಫ್ಯಾನು. ಬಟ್ಟಲಿನ ಮೇಲೆ ಬೆಂಕಿಯ ಏಟನ್ನು ತಡೆಯುವ ತಗಡು, ಅದರ ಮೇಲೆ ಜಿಡ್ಡು ಹರಿದುಹೋಗುವ ತಟ್ಟೆ, ಅದರ ಮೇಲೆ ಜಾಲರಿ, ಎಲ್ಲದರ ಮೇಲೆ ಮುಚ್ಚಳ. ಒಳಗೆ ಎಷ್ಟು ಶಾಖವಿದೆ ಎಂದು ಅಳೆಯುವ ಕಡ್ಡಿಯೊಂದು ಹೊರಗಿನ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಶಾಖ ಇಳಿದರೆ ತಿರುಪು ತಿರುಗುತ್ತದೆ, ಏರಿದರೆ ನಿಲ್ಲುತ್ತದೆ. ಗುಂಡಿ ತಿರುಗಿಸಿ 110 ಡಿಗ್ರಿ ಎಂದು ಇಟ್ಟುಬಿಟ್ಟರೆ ಆಯಿತು, ಎಂಟು ತಾಸು ಯಾರೂ ಕಾಯಬೇಕಿಲ್ಲ.

ಇಷ್ಟು ಜಾಣ ಯಂತ್ರ ಕೊಂಡವರ ಬಾಯಲ್ಲಿ ಕೇಳಿಬರುವ ಗೊಣಗಾಟ ಮಾತ್ರ ಎರಡೇ. ಒಂದು, ಬೇಕಾದಷ್ಟು ಹೊಗೆ ಬರುವುದಿಲ್ಲ, ಪದಾರ್ಥಕ್ಕೆ ಪರಿಮಳ ಹತ್ತುವುದಿಲ್ಲ. ಎರಡು, ಬೇಕಾದಷ್ಟು ಉರಿಯೂ ಬರುವುದಿಲ್ಲ, ಮೇಲ್ಮೈ ಕಂದಗೆ ಗರಿಯಾಗುವುದಿಲ್ಲ. ಹೊಗೆಯೂ ಇಲ್ಲ, ಉರಿಯೂ ಇಲ್ಲವೆಂದರೆ ಕಟ್ಟಿಗೆಯ ಬೆಂಕಿಗೂ ಕರೆಂಟಿನ ಒಲೆಗೂ ಏನು ಫರಕು? ಹೀಗಾಗಿ ಯಂತ್ರಕ್ಕೆ ಅದು ಇದು ಜೋಡಿಸಿ ಸುಧಾರಿಸುವುದೇ ಅಲ್ಲಿ ಒಂದು ದೊಡ್ಡ ಹವ್ಯಾಸ. ಅದಕ್ಕೆಂದೇ ಉಪಕರಣಗಳ ಮಾರುಕಟ್ಟೆಯೂ ಬೆಳೆದಿದೆ. ಏನು ಕೊಳ್ಳಬೇಕೆಂದು ತಿಳಿಯುವ ಮುನ್ನ ಬೆಂಕಿ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಅರ್ಧ ಖರ್ಚು ಉಳಿಯುತ್ತದೆ.

ಉರಿಯದೆ ಉಳಿದ ಉರಿ

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ವಿಜ್ಞಾನದ ಲೆಕ್ಕದಲ್ಲಿ ಹೊಗೆ ಎಂದರೆ ಉರಿಯದೆ ಉಳಿದ ಉರಿ. ಕಟ್ಟಿಗೆ ಕಾದಾಗ ಮೊದಲು ನೀರು ಆವಿಯಾಗಿ ಹೋಗುತ್ತದೆ. ಶಾಖ 200, 300 ಡಿಗ್ರಿಗೆ ಏರುವಷ್ಟರಲ್ಲಿ ಕಟ್ಟಿಗೆಯೇ ಒಡೆದು ಅನಿಲಗಳನ್ನು ಬಿಡತೊಡಗುತ್ತದೆ. ಆ ಅನಿಲಕ್ಕೆ ಸಾಕಷ್ಟು ಗಾಳಿ, ಸಾಕಷ್ಟು ಶಾಖ ಎರಡೂ ಸಿಕ್ಕರೆ ಅದು ಜ್ವಾಲೆಯಾಗುತ್ತದೆ. ಎರಡರಲ್ಲಿ ಒಂದು ಕಡಿಮೆಯಾದರೆ ಅದೇ ಅನಿಲ ಹೊಗೆಯಾಗಿ ಹೊರಬೀಳುತ್ತದೆ. ಎಲ್ಲ ಅನಿಲ ಹೋದ ಮೇಲೆ ಉಳಿಯುವುದು ಇದ್ದಿಲು, ಅದು ಹೊಗೆಯಾಡದೆ ನಿಗಿನಿಗಿ ಕೆಂಡವಾಗುತ್ತದೆ.

ಗುಳಿಗೆಯ ಗ್ರಿಲ್ಲಿನಲ್ಲಿ ಇಂಧನ ಒಣಗಿರುತ್ತದೆ, ಸಣ್ಣಗಿರುತ್ತದೆ, ಬೆನ್ನ ಹಿಂದೆ ಫ್ಯಾನು ಊದುತ್ತಿರುತ್ತದೆ. ಅನಿಲವೆಲ್ಲ ಬಟ್ಟಲಲ್ಲೇ ಉರಿದುಹೋಗುತ್ತದೆ. ಅಂದರೆ ಹೊಗೆ ಬಾರದಿರುವುದು ಯಂತ್ರದ ಕೊರತೆಯಲ್ಲ, ಅದರ ಒಳ್ಳೆಯತನ! ಉರಿ ಸಾಲದಿರುವುದಕ್ಕೂ ಕಾರಣ ಸರಳ. ಬೆಂಕಿ ಇರುವುದು ಅಂಗೈಯಗಲ, ಬೇಯುವ ಜಾಗ ಮೊರದಗಲ. ನಡುವೆ ಎರಡು ತಗಡು. ಫ್ಯಾನು ಆ ಶಾಖವನ್ನು ಪೆಟ್ಟಿಗೆಯ ತುಂಬ ಹರಡುತ್ತದೆ. ಒಳಗೆ ಬಿಸಿಗಾಳಿ ಸಿಗುತ್ತದೆಯೇ ಹೊರತು ಜ್ವಾಲೆಯ ನೇರ ಏಟು ಸಿಗುವುದಿಲ್ಲ. ಬಹಳಷ್ಟು ಯಂತ್ರಗಳ ಮೇಲ್ಮಿತಿ 230ರಿಂದ 260 ಡಿಗ್ರಿ. ಅದೂ ಗಾಳಿಯ ಶಾಖ. ಗಾಳಿ ಶಾಖವನ್ನು ಬಲು ನಿಧಾನವಾಗಿ ಮುಟ್ಟಿಸುತ್ತದೆ. ಸಮನಾದ ಹದಬೆಂಕಿಗೆಂದು ಕಟ್ಟಿದ ಯಂತ್ರ ಎರಡು ತುದಿಗಳನ್ನೂ ಕಳೆದುಕೊಂಡಿದೆ. ಸುಧಾರಣೆ ಎಂದರೆ ಆ ಎರಡು ತುದಿಗಳನ್ನು ಮರಳಿ ಕೊಡುವುದು.

ಈ ಎರಡು ತುದಿಗಳನ್ನು ಒಂದೇ ಒಲೆಯಲ್ಲಿ ಆಳಿದವರು ರಾಯಚೂರು ಸೀಮೆಯ ಹೆಣ್ಣುಮಕ್ಕಳು. ಜೋಳದ ರೊಟ್ಟಿ ಮಾಡುವುದನ್ನು ಗಮನಿಸಿ. ಹಂಚಿನ ಕೆಳಗೆ ತೊಗರಿ ಕಟ್ಟಿಗೆಯೋ ಹತ್ತಿ ಕಟ್ಟಿಗೆಯೋ ಧಗಧಗ ಉರಿಯುತ್ತಿರಬೇಕು, ಹಂಚು ದಪ್ಪಗಿರಬೇಕು, ಚೆನ್ನಾಗಿ ಕಾದಿರಬೇಕು. ರೊಟ್ಟಿ ಬಿದ್ದೊಡನೆ ಹಂಚು ತಣ್ಣಗಾಗಬಾರದು. ಒಂದು ಮಗ್ಗುಲು ಬೆಂದ ರೊಟ್ಟಿಯನ್ನು ಒಲೆಯ ಬಾಯಿಗೆ ಎಳೆದ ಕೆಂಡದ ಮುಂದೆ ನಿಲ್ಲಿಸಿದರೆ ಅದು ಉಬ್ಬಿ ಗರಿಯಾಗುತ್ತದೆ. ಅದೇ ಹೊತ್ತಿಗೆ ಹಿಂದಿನ ಕೋಡೊಲೆಯ ಮೇಲೆ, ಮುಂದಿನ ಒಲೆಯಿಂದ ಹಾದುಬಂದ ಬಿಸಿಯಲ್ಲೇ ಬೇಳೆ ಕುದಿಯುತ್ತದೆ. ಒಂದು ಬೆಂಕಿ, ಮೂರು ಹದ. ಊದುಗೊಳವೆಯೇ ಫ್ಯಾನು, ಕಟ್ಟಿಗೆ ಮುಂದೆ ತಳ್ಳುವ ಕೈಯೇ ತಿರುಪು, ಕಣ್ಣೇ ಶಾಖಮಾಪಕ.

ಇನ್ನು ಚಳಿಗಾಲದ ಸೀತನಿ. ಹಾಲು ತುಂಬಿ ಗಟ್ಟಿಯಾಗುತ್ತಿರುವ ಎಳೆ ಜೋಳದ ತೆನೆಯನ್ನು ಮಸ್ಕಿ, ಲಿಂಗಸುಗೂರಿನ ಎರೆಹೊಲಗಳಲ್ಲಿ ಸುಡುವವರು ಉರಿಯಲ್ಲಿ ಸುಡುವುದಿಲ್ಲ. ಕುಳ್ಳು ಉರಿದು ಕೆಂಡವಾಗಿ, ಮೇಲೆ ಬೂದಿ ಹೊದ್ದುಕೊಂಡ ಮೇಲೆ ತೆನೆ ಇಡುತ್ತಾರೆ. ಜ್ವಾಲೆಗೆ ಕೊಟ್ಟರೆ ಮೇಲೆ ಕರಿ, ಒಳಗೆ ಹಸಿ. ಕೆಂಡದ ಶಾಖ, ತೆಳುಹೊಗೆ ಎರಡೂ ಸೇರಿದರೆ ಕಾಳು ಬೆಂದು ಪರಿಮಳ ಹತ್ತುತ್ತದೆ. ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ, ತೂರಿ, ಶೇಂಗಾ ಹಿಂಡಿಯ ಜೊತೆ ತಿಂದವರಿಗೆ ಹದವಾದ ಹೊಗೆ ಎಂದರೇನೆಂದು ಬೇರೆ ಹೇಳಬೇಕಿಲ್ಲ.

ಹೊಗೆಯ ಕಡೆಯ ದುರಸ್ತಿ

ಮೊದಲ ಸುಧಾರಣೆಗೆ ದುಡ್ಡು ಬೇಡ. ಶಾಖ ಇಳಿಸಬೇಕು. 80ರಿಂದ 110 ಡಿಗ್ರಿಯೊಳಗೆ ಇಟ್ಟಾಗ ಬಟ್ಟಲಿನ ಬೆಂಕಿ ಆಗಾಗ ಕುಗ್ಗಿ ಗುಳಿಗೆ ಕಮರುತ್ತದೆ, ಹೊಗೆ ಹೆಚ್ಚುತ್ತದೆ. 150 ದಾಟಿದರೆ ಹೊಗೆ ಹೆಸರಿಗಷ್ಟೇ. ಎರಡನೆಯದು, ಪದಾರ್ಥವನ್ನು ತಣ್ಣಗಿರುವಾಗ, ತುಸು ತೇವವಿರುವಾಗ ಒಳಗಿಡಬೇಕು. ತಣ್ಣನೆಯ ಹಸಿ ಮೇಲ್ಮೈಗೆ ಹೊಗೆ ಚೆನ್ನಾಗಿ ಹತ್ತುತ್ತದೆ, ಒಣಗಿ ಬಿಸಿಯಾದ ಮೇಲೆ ಹತ್ತುವುದು ಕಡಿಮೆ. ಒಳಗೊಂದು ತಟ್ಟೆಯಲ್ಲಿ ನೀರಿಟ್ಟರೆ ತೇವ ಉಳಿಯುತ್ತದೆ, ಶಾಖದ ಏರಿಳಿತವೂ ತಗ್ಗುತ್ತದೆ.

ಮೂರನೆಯದು ಹೊಗೆ ಕೊಳವೆ. ತೂತುತೂತಾದ, ಒಂದು ಅಡಿ ಉದ್ದದ ಉಕ್ಕಿನ ಕೊಳವೆ. ಅದರಲ್ಲಿ ಗುಳಿಗೆ ತುಂಬಿ, ಒಂದು ತುದಿಗೆ ಬೆಂಕಿ ಹಚ್ಚಿ, ಚೆನ್ನಾಗಿ ಹೊತ್ತಿದ ಮೇಲೆ ಊದಿ ಜ್ವಾಲೆ ಆರಿಸಿ ಜಾಲರಿಯ ಮೂಲೆಯಲ್ಲಿಟ್ಟರೆ ಊದುಬತ್ತಿಯಂತೆ ಮೂರು ನಾಲ್ಕು ತಾಸು ಕಮರುತ್ತದೆ. ಇಲ್ಲಿ ಬೆಂಕಿಯ ಕೆಲಸ ಬೇರೆ, ಹೊಗೆಯ ಕೆಲಸ ಬೇರೆ ಆಯಿತು. ಬೇಯಿಸುವ ಬೆಂಕಿ ಶುದ್ಧವಾಗಿ ಉರಿಯಲಿ, ಪರಿಮಳದ ಹೊಗೆ ಕೊಳವೆಯಿಂದ ಬರಲಿ. ಇಡೀ ಸುಧಾರಣೆಯ ಮರ್ಮ ಇದೇ. ಕೊಳವೆಗೆ ಬದಲು ಸಣ್ಣ ತೂತಿನ ಪೆಟ್ಟಿಗೆಯಲ್ಲಿ ಕಟ್ಟಿಗೆಯ ತುಂಡನ್ನೇ ಬೆಂಕಿ ಬಟ್ಟಲಿನ ಮೇಲಿಡುವವರೂ ಇದ್ದಾರೆ. ಜಾಲಿಯ ತುಂಡು ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಆದರೆ ತೊಗಟೆ ತೆಗೆದು ಆರು ತಿಂಗಳಾದರೂ ಒಣಗಿಸಿರಬೇಕು, ಒಂದೆರಡು ತುಂಡು ಸಾಕು. ಅದರ ಹೊಗೆ ಖಾರ, ಹೆಚ್ಚಾದರೆ ಕಹಿ. ಅಂಗಡಿಯ ಮೆಸ್ಕೀಟ್ ಚೀಲದಲ್ಲೂ ಅನೇಕ ವೇಳೆ ಓಕ್, ಆಲ್ಡರ್‌ನಂಥ ಸೌಮ್ಯ ಮರದ ಪುಡಿ ಬೆರೆತಿರುತ್ತದೆ. ಕೊಳ್ಳುವವರು ಚೀಲದ ಮೇಲಿನ ಸಣ್ಣ ಅಕ್ಷರ ಓದುವುದು ಲೇಸು.

ಹೊಗೆ ಹೆಚ್ಚಿದಷ್ಟೂ ರುಚಿ ಹೆಚ್ಚುತ್ತದೆಂಬುದು ಸುಳ್ಳು. ಬಿಳಿಯಾಗಿ ದಟ್ಟವಾಗಿ ಸುತ್ತಿಕೊಳ್ಳುವ ಹೊಗೆಯಲ್ಲಿ ಟಾರಿನಂಶ ಹೆಚ್ಚು, ಅದು ನಾಲಿಗೆಗೆ ಅಂಟಿ ಕಹಿಯಾಗುತ್ತದೆ. ಕಣ್ಣಿಗೆ ಕಂಡೂ ಕಾಣದ ತೆಳುನೀಲಿ ಹೊಗೆಯೇ ಒಳ್ಳೆಯದು. ಲಿಗ್ನಿನ್ ಒಡೆದಾಗ ಹುಟ್ಟುವ ಗ್ವಾಯಕಾಲ್, ಸಿರಿಂಗಾಲ್ ಎಂಬ ಪದಾರ್ಥಗಳೇ ಹೊಗೆಯ ರುಚಿಗೂ ವಾಸನೆಗೂ ಮುಖ್ಯ ಕಾರಣ. ಅವು ಬರಲು ದಟ್ಟ ಹೊಗೆ ಬೇಕಿಲ್ಲ, ಒಣ ಕಟ್ಟಿಗೆ ಮತ್ತು ಹಿಡಿತದ ಗಾಳಿ ಸಾಕು.

ನಾಲ್ಕನೆಯ ಸುಧಾರಣೆ ನಿಯಂತ್ರಣ ಪೆಟ್ಟಿಗೆಯದು. ಹಳೆಯ ಯಂತ್ರಗಳಲ್ಲಿ ತಿರುಪು ಗಡಿಯಾರದಂತೆ ಇಂತಿಷ್ಟು ಸೆಕೆಂಡು ತಿರುಗಿ ಇಂತಿಷ್ಟು ಸೆಕೆಂಡು ನಿಲ್ಲುತ್ತಿತ್ತು. ಶಾಖ ಹದಿನೈದು ಇಪ್ಪತ್ತು ಡಿಗ್ರಿ ಮೇಲೆ ಕೆಳಗೆ ಓಲಾಡುತ್ತಿತ್ತು. ಹೊಸ ಪಿಐಡಿ ನಿಯಂತ್ರಕಗಳು ಶಾಖ ಎಷ್ಟು ವೇಗವಾಗಿ ಏರುತ್ತಿದೆ, ಇಳಿಯುತ್ತಿದೆ ಎಂದು ಲೆಕ್ಕ ಹಾಕಿ ಗುಳಿಗೆ ಕೊಡುತ್ತವೆ. ಶಾಖ ಸ್ಥಿರವಾಗುತ್ತದೆ. ತಮಾಷೆಯೆಂದರೆ, ಶಾಖ ಸ್ಥಿರವಾದಷ್ಟೂ ಹೊಗೆ ಕಡಿಮೆ! ಓಲಾಟದ ಇಳಿತದಲ್ಲೇ ಗುಳಿಗೆ ಕಮರಿ ಹೊಗೆ ಬರುತ್ತಿದ್ದದ್ದು. ಹೀಗಾಗಿ ಕೆಲವು ತಯಾರಕರು ಬೇಕೆಂದೇ ಬೆಂಕಿಯನ್ನು ಓಲಾಡಿಸುವ 'ಹೊಗೆ ಗುಂಡಿ'ಯೊಂದನ್ನು ಸೇರಿಸಿದ್ದಾರೆ. ಹೊಸ ಪೆಟ್ಟಿಗೆ ಹಾಕಿಸುವವರು ಜೊತೆಗೆ ಹೊಗೆ ಕೊಳವೆಯನ್ನೂ ಇಟ್ಟುಕೊಳ್ಳದಿದ್ದರೆ ಖರ್ಚು ಮಾಡಿ ರುಚಿ ಕಳೆದುಕೊಂಡಂತೆ.

ಉರಿಯ ಕಡೆಯ ದುರಸ್ತಿ

ರೊಟ್ಟಿಯ ಮೇಲಿನ ಕಂದು ಚುಕ್ಕೆ, ಸುಟ್ಟ ಬದನೆಯ ಸಿಪ್ಪೆಯ ಘಮ, ಹುರಿದ ಮಾಂಸದ ಕಂದು ಪದರ - ಇವುಗಳ ಹಿಂದಿರುವುದು ಸಕ್ಕರೆ ಮತ್ತು ಪ್ರೋಟೀನಿನಂಶಗಳು ಶಾಖದಲ್ಲಿ ಕೂಡಿ ನಡೆಸುವ ಮೈಯಾರ್ ಕ್ರಿಯೆ. ಅದು ಚುರುಕಾಗುವುದು ಮೇಲ್ಮೈ 140 ಡಿಗ್ರಿ ದಾಟಿದ ಮೇಲೆ. ನೀರಿರುವ ತನಕ ಮೇಲ್ಮೈ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಮೊದಲ ನಿಯಮ, ಹುರಿಯುವ ಮುನ್ನ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಹೊಗೆಗೆ ಬೇಕಾದದ್ದು ತೇವ, ಉರಿಗೆ ಬೇಕಾದದ್ದು ಒಣಮೈ. ಎರಡೂ ಒಂದೇ ಹೊತ್ತಿಗೆ ಆಗುವ ಕೆಲಸವಲ್ಲ. ಮೊದಲು ಹೊಗೆ, ಆಮೇಲೆ ಉರಿ. ನಿಧಾನ ಬೇಯಿಸಿ ಒಳಗೆಲ್ಲ ಹದ ಬಂದ ಮೇಲೆ ಕಡೆಗೆ ಒಂದೆರಡು ನಿಮಿಷ ಬಲವಾದ ಶಾಖ ಮುಟ್ಟಿಸುವ ಕ್ರಮವೇ ಇಂಥ ಯಂತ್ರಕ್ಕೆ ಒಗ್ಗುವಂಥದ್ದು.

ಎರಡನೆಯ ನಿಯಮ ರೊಟ್ಟಿಯ ಹಂಚಿನದು. ಗಾಳಿ ಕೊಡಲಾಗದ ಶಾಖವನ್ನು ಕಾದ ಲೋಹ ಕೊಡುತ್ತದೆ. ತೆಳು ಸರಳಿನ ಜಾಲರಿಯ ಮೇಲೆ ದಪ್ಪ ಬೀಡಿನ ಹಂಚನ್ನಿಟ್ಟು, ಯಂತ್ರವನ್ನು ಪೂರ್ತಿ ಏರಿಸಿ, ಮುಚ್ಚಳ ಮುಚ್ಚಿ ಅರ್ಧ ತಾಸು ಕಾಯಿಸಿದರೆ ಹಂಚು ಶಾಖವನ್ನು ಕೂಡಿಟ್ಟುಕೊಳ್ಳುತ್ತದೆ. ಪದಾರ್ಥ ಬಿದ್ದೊಡನೆ ಆ ಉಳಿತಾಯವನ್ನೆಲ್ಲ ಒಮ್ಮೆಗೇ ಸುರಿಯುತ್ತದೆ. ಈ ಕೆಲಸಕ್ಕೆಂದೇ ಏಣುಗಳಿರುವ ದಪ್ಪ ಅಲ್ಯೂಮಿನಿಯಂ ಪಟ್ಟಿಗಳೂ ಸಿಗುತ್ತವೆ. ಆದರೆ ಬೀಡಿನ ಹಂಚು ಬಲ್ಲವರಿಗೆ ಅದು ಹೊಸದೇನಲ್ಲ. ಒಂದು ಎಚ್ಚರ: ಕಾದ ಬೀಡಿನ ಮೇಲೆ ತಣ್ಣೀರು ಸುರಿಯಬಾರದು, ಸೀಳುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ನೂರಾರು ಅಡಿ ಆಳದ ಗಟ್ಟಿಬಂಡೆಯನ್ನು ಒಡೆದು ಚಿನ್ನ ತೆಗೆದದ್ದೂ ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಡಿಸಿಯೇ. ಬಂಡೆಯನ್ನೇ ಸೀಳುವ ಶಾಖಕ್ಕೆ ಅಡುಗೆಯ ಹಂಚು ಯಾವ ಲೆಕ್ಕ?

ಮೂರನೆಯದು ಸೋರಿಕೆ ತಡೆಯುವುದು. ಮುಚ್ಚಳದ ಅಂಚಿನಲ್ಲಿ ಬಿಸಿಗಾಳಿ ನುಸುಳಿಹೋಗುತ್ತಿದ್ದರೆ ಶಾಖ ಏರುವುದೇ ಇಲ್ಲ. ಹೆಚ್ಚು ಶಾಖ ತಡೆಯುವ ಪಟ್ಟಿ ಅಂಟಿಸಿದರೆ ಶಾಖವೂ ಹೊಗೆಯೂ ಒಳಗುಳಿಯುತ್ತವೆ. ಹೊಗೆ ಹೊರಹೋಗುವ ಚಿಮಣಿಯನ್ನು ಮಾತ್ರ ಮುಚ್ಚಬಾರದು, ಮುಚ್ಚಿದರೆ ಬೆಂಕಿ ಉಸಿರುಗಟ್ಟುತ್ತದೆ. ನಾಲ್ಕನೆಯದು, ಬಟ್ಟಲಿನ ಮೇಲಿನ ತಟ್ಟೆಯಲ್ಲಿ ಸರಿಸಬಹುದಾದ ಕಿಂಡಿ. ಕೆಲವು ಯಂತ್ರಗಳಲ್ಲಿ ಅದು ಇದ್ದೇ ಇರುತ್ತದೆ, ಇಲ್ಲದ ಕೆಲವಕ್ಕೆ ಹೊಂದುವ ತಟ್ಟೆ ಸಿಗುತ್ತದೆ. ಕಿಂಡಿ ತೆರೆದರೆ ಅಷ್ಟು ಜಾಗಕ್ಕೆ ಜ್ವಾಲೆಯ ನೇರ ಏಟು ಸಿಗುತ್ತದೆ. ಜಿಡ್ಡು ಬೆಂಕಿಗೆ ತೊಟ್ಟಿಕ್ಕಿದರೆ ಭಗ್ಗನೆ ಹೊತ್ತಿಕೊಳ್ಳುವುದರಿಂದ ಆಗ ಪಕ್ಕದಿಂದ ಕದಲುವಂತಿಲ್ಲ.

ಇದೆಲ್ಲ ಮಾಡಿಯೂ ಮನಸ್ಸಿಗೆ ಬಂದಷ್ಟು ಉರಿ ಸಿಗದಿದ್ದರೆ? ಅಗ್ಗದ ಮದ್ದು ಒಂದಿದೆ. ಪಕ್ಕದಲ್ಲಿ ಇದ್ದಿಲಿನ ಸಣ್ಣ ಶೇಗಡಿ ಹೊತ್ತಿಸಿ, ಗ್ರಿಲ್ಲಿನಲ್ಲಿ ಹೊಗೆಯುಂಡು ಬೆಂದದ್ದನ್ನು ಕಡೆಯ ಎರಡು ನಿಮಿಷ ಅದರ ಕೆಂಡದ ಮೇಲೆ ತಿರುವುವುದು. ಜಾಲಿಯ ಇದ್ದಿಲಾದರೆ ಶಾಖದ ಮಾತೇ ಬೇಡ. ಒಲೆಯ ಬಾಯಿಗೆ ಕೆಂಡ ಎಳೆದು ರೊಟ್ಟಿ ನಿಲ್ಲಿಸುವವರು ಮಾಡುತ್ತಿದ್ದದ್ದು ಇದನ್ನೇ.

ಬೂದಿ, ತೇವ, ಕರೆಂಟು

ಏನೇ ಜೋಡಿಸಿದರೂ ಮೂರು ಶತ್ರುಗಳನ್ನು ಮರೆತರೆ ಎಲ್ಲ ವ್ಯರ್ಥ. ಮೊದಲನೆಯದು ಬೂದಿ. ಬಟ್ಟಲಲ್ಲಿ ಬೂದಿ ತುಂಬಿದರೆ ಗಾಳಿಯ ತೂತು ಮುಚ್ಚುತ್ತದೆ, ಗುಳಿಗೆ ಹೊತ್ತದೆ ರಾಶಿ ಬೀಳುತ್ತದೆ. ಹಾಗೆ ಬಿದ್ದ ರಾಶಿಯಿಂದ ಅನಿಲ ಪೆಟ್ಟಿಗೆಯ ತುಂಬ ಕೂಡಿಕೊಂಡು ಒಮ್ಮೆಲೇ ಹೊತ್ತಿಕೊಂಡರೆ ಮುಚ್ಚಳವೇ ಹಾರಬಹುದು. ಎರಡು ಮೂರು ಅಡುಗೆಗೊಮ್ಮೆ ಪೂರ್ತಿ ಆರಿದ ಮೇಲೆ ಬಟ್ಟಲು ಬಳಿಯಬೇಕು. ಎರಡನೆಯದು ತೇವ. ನೀರು ತಾಗಿದ ಗುಳಿಗೆ ಉಬ್ಬಿ ಮತ್ತೆ ಹೊಟ್ಟಾಗುತ್ತದೆ, ತಿರುಪಿನಲ್ಲಿ ಸಿಮೆಂಟಿನಂತೆ ಕಚ್ಚುತ್ತದೆ. ಮಳೆಗಾಲದಲ್ಲಿ ಹಾಪರಿನಲ್ಲಿ ಗುಳಿಗೆ ಬಿಡದೆ, ಬಾಯಿ ಬಿಗಿದ ಡಬ್ಬಿಯಲ್ಲಿ ಕಾಪಿಡಬೇಕು. ಮುರಿದರೆ ಟಕ್ಕೆಂದು ಸದ್ದಾಗಬೇಕು, ಅದೇ ಒಣ ಗುಳಿಗೆಯ ಗುರುತು.

ಮೂರನೆಯದು ಕರೆಂಟು. ಹೊತ್ತಿಸುವಾಗ ಸುಮಾರು 300 ವಾಟ್, ಆಮೇಲೆ 50ರ ಆಸುಪಾಸು - ಬಳಕೆ ಕಡಿಮೆಯೇ. ಆದರೆ ಅದು ಕೈಕೊಟ್ಟರೆ ಫ್ಯಾನೂ ತಿರುಪೂ ನಿಲ್ಲುತ್ತವೆ. ಬಟ್ಟಲಿನ ಕೆಂಡ ತಿರುಪಿನಲ್ಲಿರುವ ಗುಳಿಗೆಗೆ ಹಿಮ್ಮುಖವಾಗಿ ಹತ್ತಿಕೊಂಡು ಹಾಪರಿನತ್ತ ತೆವಳಬಹುದು. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುವ ಊರುಗಳಲ್ಲಿ ಇನ್ವರ್ಟರ್ ಇಲ್ಲದೆ ಇಂಥ ಯಂತ್ರ ನಡೆಸುವುದು ಜಾಣತನವಲ್ಲ. ಮನೆಯೊಳಗೆ, ಮುಚ್ಚಿದ ವರಾಂಡದಲ್ಲಿ ಹೊತ್ತಿಸುವುದಂತೂ ಬೇಡವೇ ಬೇಡ. ಕಮರುವ ಬೆಂಕಿಯಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಹೇಳಿ ಬರುವುದಿಲ್ಲ.

ಹಿತ್ತಲಲ್ಲಿ ರುಚಿಯಾದ ಹೊಗೆ ಅಡುಗೆಮನೆಯಲ್ಲಿ ವಿಷ. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಪ್ರಪಂಚದಾದ್ಯಂತ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚು ಹೊತ್ತು ಆ ಹೊಗೆ ಕುಡಿದವರು ರೊಟ್ಟಿ ಬಡಿಯುವವರು ಮತ್ತು ಅವರ ಮಡಿಲ ಮಕ್ಕಳು. ಒಂದು ಕಡೆ ಹೊಗೆ ಬರಲಿಲ್ಲವೆಂದು ದುಡ್ಡು ಸುರಿಯುವವರು, ಇನ್ನೊಂದು ಕಡೆ ಹೊಗೆ ಹೋಗಲಿಲ್ಲವೆಂದು ಕಣ್ಣೊರೆಸಿಕೊಳ್ಳುವವರು. ಎರಡಕ್ಕೂ ಉತ್ತರ ಒಂದೇ ಗುಳಿಗೆಯಲ್ಲಿದೆ ಎಂಬುದೇ ಈ ವಿಷಯದ ಸ್ವಾರಸ್ಯ.

ನಮ್ಮ ಹೊಟ್ಟು, ನಮ್ಮ ಗುಳಿಗೆ

ಗುಳಿಗೆ ಒಲೆ ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದಲ್ಲಿ 'ಅಸ್ತ್ರ ಒಲೆ' ಕೊಟ್ಟ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಬಿಪಿ ಎಂಬ ಬ್ರಿಟಿಷ್ ತೈಲ ಕಂಪನಿಯ ಜೊತೆ ಸೇರಿ 'ಊರ್ಜಾ' ಎಂಬ ಗುಳಿಗೆ ಒಲೆ ರೂಪಿಸಿತು. 2006ರಲ್ಲಿ ಅದು ಮಾರುಕಟ್ಟೆಗೆ ಬಂತು. ಬ್ಯಾಟರಿಯ ಪುಟ್ಟ ಫ್ಯಾನು, ಕೆಳಗಿನಿಂದ ಸ್ವಲ್ಪ ಗಾಳಿ, ಮೇಲಿನ ತೂತುಗಳಿಂದ ಇನ್ನಷ್ಟು ಗಾಳಿ. ಕೆಳಗಿನ ಗಾಳಿ ಗುಳಿಗೆಯಿಂದ ಅನಿಲ ಎಬ್ಬಿಸುತ್ತದೆ, ಮೇಲಿನ ಗಾಳಿ ಅದನ್ನು ಹೊಗೆಯಾಗಲು ಬಿಡದೆ ಉರಿಸಿಬಿಡುತ್ತದೆ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು. ಕೃಷಿ ತ್ಯಾಜ್ಯದ ಗುಳಿಗೆಯನ್ನು ಕಂಪನಿಯೇ ಮಾರುತ್ತಿತ್ತು. ಆಮೇಲೆ ಆದದ್ದೇನು? ಅದೇ ತ್ಯಾಜ್ಯಕ್ಕೆ ಕಾರ್ಖಾನೆಯ ಬಾಯ್ಲರುಗಳಿಂದ ಬೇಡಿಕೆ ಬಂತು, ಗುಳಿಗೆಯ ಬೆಲೆ ಏರಿತು. ಮನೆಯವರು ಹಿಂದೆ ಸರಿದರು. ಬಿಪಿಯಿಂದ ಈ ವ್ಯವಹಾರ ವಹಿಸಿಕೊಂಡ ಪುಣೆಯ ಸಂಸ್ಥೆ ಹೋಟೆಲು, ದೊಡ್ಡ ಅಡುಗೆಮನೆಗಳತ್ತ ಮುಖ ಮಾಡಿತು. ಒಲೆ ಕೆಟ್ಟಿದ್ದಿಲ್ಲ, ಗುಳಿಗೆ ದುಬಾರಿಯಾಯಿತು.

ಸಿಂಧನೂರಿನಲ್ಲಿ ಗುಳಿಗೆಗೆ ಕಚ್ಚಾಮಾಲಿನ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾದ ತಾಲ್ಲೂಕು ಅದು. ಒಂದು ಕ್ವಿಂಟಲ್ ಭತ್ತ ಕುಟ್ಟಿಸಿದರೆ ಸುಮಾರು 20 ಕಿಲೋ ಹೊಟ್ಟು. ಹಾಗೆಂದು ಅದನ್ನು ಒತ್ತಿ ಗ್ರಿಲ್ಲಿಗೆ ಸುರಿಯಬಹುದೇ? ಕೂಡದು. ಭತ್ತದ ಹೊಟ್ಟಿನಲ್ಲಿ ತೂಕದ 15ರಿಂದ 20 ಭಾಗ ಬೂದಿ, ಅದರಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿ. ಒಳ್ಳೆಯ ಮರದ ಗುಳಿಗೆಯಲ್ಲಿ ಬೂದಿ ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಹೊಟ್ಟಿನ ಗುಳಿಗೆ ಹಾಕಿದರೆ ಅಂಗೈಯಗಲದ ಬಟ್ಟಲು ಒಂದೆರಡು ತಾಸಿನಲ್ಲೇ ಬೂದಿಯಿಂದ ತುಂಬಿಹೋಗುತ್ತದೆ. ಬೂದಿ ಬಳಿಯುವ ಏರ್ಪಾಡಿರುವ ದೊಡ್ಡ ಒಲೆ, ಬಾಯ್ಲರಿಗೆ ಅದು ಸರಿ. ಇನ್ನು ಬಾಯ್ಲರಿಗೆಂದು ಮಾಡಿದ ಗುಳಿಗೆಯನ್ನು ಹೊಗೆ ನೇರ ತಾಗುವ ಅಡುಗೆಗೆ ಬಳಸಲೇಬಾರದು. ಅದರಲ್ಲಿ ಪ್ಲೈವುಡ್ಡಿನ ಅಂಟಿರಬಹುದು, ಹತ್ತಿ ಕಟ್ಟಿಗೆಯ ಮೇಲಿನ ಕೀಟನಾಶಕದ ಶೇಷವಿರಬಹುದು. ಅಡುಗೆಯ ಗುಳಿಗೆಗೆ ಬೇಕಾದದ್ದು ಬಣ್ಣ, ಅಂಟು ತಾಗದ ಶುದ್ಧ ಕಟ್ಟಿಗೆ. ಅದಕ್ಕೆ ರಸ್ತೆ ಬದಿಯ ಜಾಲಿ ಸಾಕಷ್ಟಿದೆ.

ಗುಳಿಗೆಗೆ ಈಗ ದೊಡ್ಡ ಗಿರಾಕಿಗಳೂ ಇದ್ದಾರೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಇಂಧನದಲ್ಲಿ 5 ಭಾಗ ಕೃಷಿ ತ್ಯಾಜ್ಯದ ಗುಳಿಗೆ ಬೆರೆಸಬೇಕೆಂದು ಕೇಂದ್ರ ಇಂಧನ ಸಚಿವಾಲಯ 2021ರಲ್ಲಿ ಹೇಳಿತು. ಹೊಲದಲ್ಲಿ ಹುಲ್ಲು ಸುಡುವುದು ತಪ್ಪಿ ರೈತನಿಗೆ ನಾಲ್ಕು ಕಾಸು ಬರುವುದಾದರೆ ಒಳ್ಳೆಯದೇ. ಆದರೆ ಸ್ಥಾವರ, ಬಾಯ್ಲರು, ಹೋಟೆಲು ಎಲ್ಲರೂ ಕೊಂಡು ಉಳಿದದ್ದು ಅಡುಗೆಮನೆಗೆ ಎಂದಾದರೆ ಊರ್ಜಾ ಒಲೆಯ ಕಥೆಯೇ ಮರುಕಳಿಸುತ್ತದೆ. ಊರಿನ ಗಿರಣಿಯ ಪಕ್ಕದಲ್ಲೇ ಸಣ್ಣ ಗುಳಿಗೆ ಯಂತ್ರ ಕೂತು, ಜಾಲಿಯ ಪುಡಿ ಅಲ್ಲೇ ಗುಳಿಗೆಯಾಗಿ ಖಾನಾವಳಿಯ ರೊಟ್ಟಿ ಒಲೆಗೆ, ಮನೆಯ ಒಲೆಗೆ ಹೋಗುವಂತಾದರೆ ಮಾತ್ರ ಲೆಕ್ಕ ಕೂಡುತ್ತದೆ.

ಗ್ರಿಲ್ಲನ್ನು ಸುಧಾರಿಸುವವರಿಗೂ ಒಲೆಯನ್ನು ಬದಲಿಸುವವರಿಗೂ ಹೇಳಬೇಕಾದ ಮಾತು ಬೇರೆ ಬೇರೆಯಲ್ಲ. ಕೊಳವೆ, ಹಂಚು, ಪಟ್ಟಿ, ಪೆಟ್ಟಿಗೆ ಎಲ್ಲ ಆಮೇಲೆ. ಗುಳಿಗೆ ಯಾವ ಮರದ್ದು, ಎಷ್ಟು ಒಣಗಿದೆ, ಮುಂದಿನ ವರ್ಷವೂ ಇದೇ ದರಕ್ಕೆ ಸಿಗುತ್ತದೆಯೇ ಎಂಬುದು ಮೊದಲು. ಎತ್ತು ಕೊಳ್ಳಲು ಸಂತೆಗೆ ಹೊರಟ ರೈತ ಹಿತ್ತಲ ಬಣವೆಯ ಕಡೆ ಒಮ್ಮೆ ನೋಡಿಯೇ ಹೊರಡುತ್ತಾನೆ.